ಮೊದಲು ತಾಗಿದ ಬಿಟ್

ಡಿಸೆಂಬರ್ ಹದಿನಾಲ್ಕು, ಶನಿವಾರ, ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ಗೋಣಿಬೀಡಿನ ಆಚೆಯ ಒಂದು ಕಾಫಿ ತೋಟದ ಪಲ್ಪರ್ ಮನೆಯಲ್ಲಿ ಉಮಾಮಹೇಶ್ವರ ಮಂಡಿಯೂರಿ ಕೂತು, ಸ್ಕ್ರೂವಿನ ತಲೆಯೊಳಗೆ ಕಿರುಬೆರಳಿನ ಉಗುರಿಟ್ಟು ತಿರುಗಿಸಿ ನೋಡುತ್ತಿದ್ದರು. ಪ್ಲಸ್ ಗುರುತಿನ ಗುಳಿಯಲ್ಲಿ ಉಗುರು ಗೋಡೆಗೆ ತಾಗಿ ನಿಲ್ಲಬೇಕು. ನಿಲ್ಲಲಿಲ್ಲ, ಬಟ್ಟಲಿನೊಳಗೆ ಆಡಿಸಿದ ಹಾಗೆ ಸುತ್ತ ಜಾರಿತು. ಪಕ್ಕದ್ದನ್ನು ನೋಡಿದರು. ಅದೂ ಹಾಗೇ. ಹನ್ನೆರಡು ಸ್ಕ್ರೂಗಳಲ್ಲಿ ಒಂಬತ್ತು ಹಾಗೇ.

"ಇದಕ್ಕೆ ಕೈ ಹಾಕಿದ್ದು ಯಾರು?"

ತೋಟದ ರೈಟರ್ ವಿಶ್ವನಾಥ್ ಬಾಗಿಲಲ್ಲಿ ನಿಂತಿದ್ದ. ಆಳುಗಳ ಹಾಜರಿ ಬರೆಯುವುದು, ಸಾಮಾನು ತರಿಸುವುದು ಅವನ ಕೆಲಸ. "ನಾನೇ ಭಟ್ರೇ. ನೀವು ಬರೋದ್ರೊಳಗೆ ಬಿಚ್ಚಿಟ್ಟಿದ್ರೆ ನಿಮಗೆ ಸಲೀಸಾಗ್ತದೆ ಅಂತ."

"ಸ್ಕ್ರೂಡ್ರೈವರಿಗೆ ಯಾವ ಬಿಟ್ ಹಾಕಿದ್ದು?"

"ಕೆಂಪು ಡಬ್ಬಿದು. ಕಪ್ಪು ಡಬ್ಬಿ ಆಫೀಸಿನ ಬೀರುವಿನಲ್ಲೇ ಇದೆ. ಸೀಲು ಸಹ ಒಡೆದಿಲ್ಲ, ನೀವೇ ಒಡೀಲಿ ಅಂತ ಹಾಗೇ ಇಟ್ಟಿದೀನಿ." ಈ ಮಾತನ್ನು ಅವನು ಹೆಮ್ಮೆಯಿಂದಲೇ ಹೇಳಿದ.

ಉಮಾಮಹೇಶ್ವರ ಐದು ವರ್ಷಗಳಿಂದ ವಿಶ್ವನಾಥನನ್ನು 'ಮಾರಾಯ' ಎಂದೇ ಕರೆಯುತ್ತಿದ್ದವರು. ಈಗ ಎದ್ದು ನಿಂತು, "ದಯವಿಟ್ಟು ಆ ಕಪ್ಪು ಡಬ್ಬಿ ತಂದುಕೊಡ್ತೀರಾ?" ಎಂದರು. ಮೂಲೆಯಲ್ಲಿ ಕೂತಿದ್ದ ಭೂತಯ್ಯ ಬೀಡಿ ಆರಿಸಿದ. ಈ ತೋಟದ ಪಲ್ಪರನ್ನು ಇಪ್ಪತ್ತು ವರ್ಷ ಓಡಿಸಿದ ಮುದುಕ ಅವನು. ಭಟ್ಟರು ಬಹುವಚನಕ್ಕೆ ಇಳಿದರೆ ಏನರ್ಥ ಎಂದು ಅವನಿಗೆ ಗೊತ್ತಿತ್ತು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್. ಅದರ ಎರಕದ ಡ್ರಮ್ಮಿನ ಮೇಲೆ ಉಬ್ಬು ಉಬ್ಬಾದ ತಾಮ್ರದ ತಗಡನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಹಿಂದಿನ ಸಂಜೆ ಹಣ್ಣಿನ ಜೊತೆ ಕಲ್ಲೊಂದು ಒಳಗೆ ಹೋಗಿ ತಗಡು ಹರಿದಿತ್ತು. ಹೊಸ ತಗಡು ತೋಟದಲ್ಲೇ ಇತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದಷ್ಟೇ ಕೆಲಸ.

ಆದರೆ ಅಂದಿನ ಹಣ್ಣು ಬೇರೆ. ತೋಟದ ಒಡತಿ ಶಾಂತಕುಮಾರಿ ಇದುವರೆಗೆ ಬೆಳೆದದ್ದನ್ನೆಲ್ಲ ಊರಿನ ಏಜೆಂಟರಿಗೆ ಕೊಡುತ್ತಿದ್ದರು. ಲಾರಿ ಹತ್ತಿದ ಮೇಲೆ ಅದು ಯಾರ ತೋಟದ್ದು ಎಂದು ಕೇಳುವವರಿಲ್ಲ. ಈ ವರ್ಷ ಮೊದಲ ಬಾರಿಗೆ, ಮೇಲಿನ ಪಟ್ಟೆಯ ಅರೇಬಿಕಾವನ್ನು ಸುಲಿದು, ತೊಳೆದು, ಒಣಗಿಸಿ, ಒಳಪೊರೆ ಉಳಿದ ಪಾರ್ಚ್‌ಮೆಂಟ್ ಬೀಜ ಮಾಡಿ ತಮ್ಮ ತೋಟದ ಹೆಸರಿನಲ್ಲೇ ಚಿಕ್ಕಮಗಳೂರಿನ ಕಾಫಿ ಹುರಿಯುವವರೊಬ್ಬರಿಗೆ ಕೊಡುವುದೆಂದು ಮಾತಾಗಿತ್ತು. ಪೂರ್ತಿ ಕೆಂಪಾದದ್ದನ್ನು ಮಾತ್ರ ಕುಯ್ಯಬೇಕೆಂದು ಆಳುಗಳಿಗೆ ಅವರೇ ನಿಂತು ಹೇಳಿದ್ದರು. ನಾಲ್ಕೂವರೆಗೆ ಆ ಹಣ್ಣು ಬರಲಿತ್ತು. ಕುಯ್ದ ದಿನವೇ ಸುಲಿಯಬೇಕು. ಚೀಲದಲ್ಲಿ ಒಂದು ರಾತ್ರಿ ಕೂತರೆ ಬಿಸಿಯೇರಿ ಹುಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಆ ವಾಸನೆ ಬೀಜ ಬಿಡುವುದಿಲ್ಲ. ಪಕ್ಕದ ಎರಡು ತೋಟಗಳಿಗೆ ಶಾಂತಕುಮಾರಿ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಅವರ ಪಲ್ಪರುಗಳಿಗೆ ಅವರದೇ ಹಣ್ಣು ಸಾಲು ಹಿಡಿದಿತ್ತು.

ಉಮಾಮಹೇಶ್ವರ ಸಂಸೆಯ ಕಡೆಯವರು, ಪೂಜೆಯ ಮನೆತನದ ನಾಲ್ಕನೆಯ ಮಗ. ಐಟಿಐಯಲ್ಲಿ ಫಿಟ್ಟರ್ ಕಲಿತು, ಮೂವತ್ತೊಂದು ವರ್ಷದಿಂದ ಗೋಣಿಬೀಡಿನಲ್ಲಿದ್ದಾರೆ. ನವೆಂಬರಿನಿಂದ ಫೆಬ್ರವರಿವರೆಗೆ ಪಲ್ಪರು, ಉಳಿದ ತಿಂಗಳು ಪಂಪು, ಮೋಟಾರು, ಸ್ಪ್ರೇಯರು. ಪೂಜೆಯ ಗಂಟೆ ಹಿಡಿಯದಿದ್ದರೂ ಜನ ಭಟ್ರೇ ಎನ್ನುವುದನ್ನು ಬಿಟ್ಟಿಲ್ಲ. ಕೆಲಸ ಶುರು ಮಾಡುವಾಗ ಒಮ್ಮೆ, ಮುಗಿದಾಗ ಒಮ್ಮೆ ಫೋನಿನಲ್ಲಿ ಗಂಟೆ ನೋಡುವುದು ಅವರ ಅಭ್ಯಾಸ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅವರು ಅಂದಾಜು ಹೇಳುವುದಿಲ್ಲ, ಗೊತ್ತಿದ್ದರೆ ಹೇಳುತ್ತಾರೆ.

ಆ ಎರಡು ಡಬ್ಬಿಗಳನ್ನು ಕೊಂಡ ದಿನ ಅವರೂ ಅಂಗಡಿಯಲ್ಲಿದ್ದರು. ಜುಲೈ ತಿಂಗಳು. ಚಂದ್ರಶೇಖರಪ್ಪನವರ ಹಾರ್ಡ್‌ವೇರ್ ಅಂಗಡಿಯ ಗಾಜಿನ ಮೇಲೆ, ಗಿರಾಕಿಗಳು ನೋಡಲೆಂದು ಬಿಚ್ಚಿಟ್ಟ ಎರಡೂ ಬಗೆಯ ಡಬ್ಬಿ ಅಕ್ಕಪಕ್ಕ ಕೂತಿದ್ದವು. ಕೆಂಪು ಡಬ್ಬಿಯಲ್ಲಿ ನೂರಾ ಒಂದು ಬಿಟ್, ನಾನೂರ ನಲವತ್ತೊಂಬತ್ತು ರೂಪಾಯಿ. ಕಪ್ಪು ಡಬ್ಬಿಯಲ್ಲಿ ಹನ್ನೆರಡು, ಎರಡು ಸಾವಿರದ ನೂರೈವತ್ತು.

"ಇದೆಂತ ಬೆಲೆ ಮಾರಾಯ್ರೇ," ಎಂದಿದ್ದ ವಿಶ್ವನಾಥ್. "ಹನ್ನೆರಡಕ್ಕೆ ಅಷ್ಟು ಕೊಟ್ರೆ ಜೊತೆಗೆ ಒಬ್ಬ ಮೆಕ್ಯಾನಿಕ್ಕನ್ನೂ ಕೊಡ್ತಾರಾ?"

"ಮೆಕ್ಯಾನಿಕ್ ಇಲ್ಲೇ ನಿಂತಿದಾರಲ್ಲ, ಅವ್ರನ್ನೇ ಕೇಳಿ," ಎಂದರು ಚಂದ್ರಶೇಖರಪ್ಪ.

ಉಮಾಮಹೇಶ್ವರ ಚೀಲದಿಂದ ಅರ ತೆಗೆದು ಕೆಂಪು ಡಬ್ಬಿಯ ಒಂದು ಬಿಟ್ಟಿನ ಮೇಲೆ ಉಜ್ಜಿದರು. ಅರ ಕಚ್ಚಿತು, ಬಿಳಿಯ ಗೆರೆ ಮೂಡಿತು. ಕಪ್ಪು ಡಬ್ಬಿಯದರ ಮೇಲೆ ಉಜ್ಜಿದರು. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಒಳ್ಳೆಯ ಉಕ್ಕಿನ ದರ್ಜೆಯ ಅಕ್ಷರಗಳನ್ನು ಕೆಂಪು ಡಬ್ಬಿಯ ನೂರಾ ಒಂದರ ಮೇಲೂ ಅಚ್ಚೊತ್ತಿದ್ದರು. ಅಚ್ಚೊತ್ತುವುದಕ್ಕೆ ಖರ್ಚಿಲ್ಲ. ಉಕ್ಕನ್ನು ಹದ ಮಾಡುವುದಕ್ಕೆ ಖರ್ಚಿದೆ. ಆ ಸುಳ್ಳನ್ನು ಒಂದೊಂದಾಗಿ ನೂರಾ ಒಂದು ಸಲ ಹೇಳಿದವರ ಮೇಲೆ ಅವರಿಗೆ ಅಂದೇ ಸಿಟ್ಟು ಬಂದಿತ್ತು.

ಶಾಂತಕುಮಾರಿ ಎರಡರಲ್ಲೂ ಒಂದೊಂದು ಹೊಸ ಡಬ್ಬಿ ಕೊಂಡರು. "ದಿನಾ ಬಳಸೋಕೆ ಕೆಂಪು ಇರ್ಲಿ ಭಟ್ರೇ. ಗಟ್ಟಿ ಕೆಲಸ ಬಂದಾಗ ಕಪ್ಪು ತೆಗೆಯೋಣ."

ಈ ಕಡೆಯ ತೋಟದ ಮನೆಗಳಲ್ಲಿ ಯೋಚನೆ ನಡೆಯುವುದೇ ಹಾಗೆ. ಒಳ್ಳೆಯ ಕಾಫಿ ಚೀಲ ಸೇರಿ ಲಾರಿ ಹತ್ತುತ್ತದೆ. ನೀರಿನಲ್ಲಿ ತೇಲಿದ ಜೊಳ್ಳು ಹಣ್ಣನ್ನು ಒಣಗಿಸಿ, ಹುರಿದು, ಮನೆಯವರು ವರ್ಷವಿಡೀ ಕುಡಿಯುತ್ತಾರೆ. ಒಳ್ಳೆಯದನ್ನು ತಡೆದಿಡುವುದು ಇಲ್ಲಿ ಜಿಪುಣತನವಲ್ಲ, ಮರ್ಯಾದೆ. ಕಾಫಿಗೆ ಆ ಲೆಕ್ಕ ನಡೆಯುತ್ತದೆ, ಸ್ಕ್ರೂಗೆ ನಡೆಯುವುದಿಲ್ಲ. ಅಗ್ಗದ ಬಿಟ್ಟಿನ ಮೂತಿ ಗುಳಿಗೆ ಸರಿಯಾಗಿ ಕೂರುವುದಿಲ್ಲ, ಬಲ ಬಿದ್ದೊಡನೆ ಮೇಲಕ್ಕೇರಿ ಹಾರುತ್ತದೆ, ಹಾರುವಾಗ ಗೋಡೆಯನ್ನು ಕೆರೆದುಕೊಂಡೇ ಹೋಗುತ್ತದೆ. ಎರಡನೆಯ ಸರದಿಗೆ ಒಳ್ಳೆಯ ಬಿಟ್ ಬಂದರೆ ಅದಕ್ಕೆ ಹಿಡಿಯಲು ಗೋಡೆಯೇ ಇರುವುದಿಲ್ಲ. ಇಷ್ಟನ್ನು ಉಮಾಮಹೇಶ್ವರ ಅಂದು ಅಂಗಡಿಯಲ್ಲೇ ಹೇಳಬೇಕಿತ್ತು. ಕಪ್ಪು ಡಬ್ಬಿ ಕೊಂಡರಲ್ಲ ಎಂಬ ಖುಷಿಯಲ್ಲಿ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಮಲ್ಲಂದೂರಿನ ಕೆಲಸದ ಮಧ್ಯೆ ಫೋನ್ ಬಂದಾಗಲೂ, "ಕಪ್ಪು ಡಬ್ಬಿ ತೆಗೆದಿಡಿ, ಮಧ್ಯಾಹ್ನ ಎರಡರೊಳಗೆ ಬರ್ತೇನೆ" ಎಂದರೇ ಹೊರತು, ಯಾರೂ ಮುಟ್ಟಬೇಡಿ ಎನ್ನಲಿಲ್ಲ. ಪಲ್ಪರ್ ಮನೆಯಲ್ಲಿ ನಿಂತಾಗ ಅವರ ಸಿಟ್ಟಿನಲ್ಲಿ ಆ ಪಾಲೂ ಇತ್ತು.

ವಿಶ್ವನಾಥ್ ಕಪ್ಪು ಡಬ್ಬಿ ತಂದ. ಉಮಾಮಹೇಶ್ವರ ಗಂಟೆ ನೋಡಿ, ಅವನು ಮುಟ್ಟದೆ ಬಿಟ್ಟಿದ್ದ ಮೂರು ಸ್ಕ್ರೂಗಳಿಗೆ ಬಿಟ್ ಕೂರಿಸಿದರು. ಕಟ್ ಎಂದು ತುಕ್ಕು ಬಿಟ್ಟ ಸದ್ದಾಯಿತು, ಮೂರೂ ಬಂದವು. ಒಟ್ಟು ನಾಲ್ಕೂವರೆ ನಿಮಿಷ.

"ಕಂಡಿತಾ?" ಎಂದರು.

"ಉಳಿದದ್ದಕ್ಕೂ ಅದೇ ಹಾಕಿ ಭಟ್ರೇ, ಬರ್ತದೆ," ಎಂದ ವಿಶ್ವನಾಥ್.

"ನೀವೇ ಹಾಕಿ ನೋಡಿ."

ಅವನು ಹಾಕಿದ. ಬಿಟ್ ಗರಗರ ತಿರುಗಿತು, ಸ್ಕ್ರೂ ಅಲ್ಲಾಡಲಿಲ್ಲ.

"ಭಟ್ರೇ, ಮಂತ್ರ ಏನಾದ್ರೂ ಇದ್ರೆ ಹಾಕಿ ಮತ್ತೆ," ಎಂದ ಭೂತಯ್ಯ. "ಇಲ್ಲಿಗೆ ಇನ್ನೇನೂ ನಾಟೋ ಹಾಗೆ ಕಾಣಲ್ಲ."

"ಮಂತ್ರ ರೈಟ್ರು ಹಾಕಿಯಾಗಿದೆ. ನಂದು ಬರೇ ಉತ್ತರಕ್ರಿಯೆ," ಎಂದು ಉಮಾಮಹೇಶ್ವರ ಡ್ರಿಲ್ ಕೈಗೆತ್ತಿಕೊಂಡರು.

ಒಂಬತ್ತು ಸ್ಕ್ರೂಗಳ ತಲೆ ಕೊರೆದು ತೆಗೆಯಬೇಕು, ಒಳಗೆ ಉಳಿದ ಮೊಂಡನ್ನೂ ಕೊರೆಯಬೇಕು, ಆಮೇಲೆ ತೂತಿನಲ್ಲಿ ಸ್ಕ್ರೂ ಕಚ್ಚಿಕೊಳ್ಳುವ ಮರೆಯನ್ನು ಹೊಸದಾಗಿ ಹೊಡೆಯಬೇಕು. ಒಂದಕ್ಕೆ ನಲವತ್ತು ನಿಮಿಷ ಹಿಡಿಯಿತು. ಮೂರನೆಯದು ಮುಗಿಯುವ ಹೊತ್ತಿಗೆ ಶಾಂತಕುಮಾರಿ ಬಂದು ನಿಂತರು. ನಾಲ್ಕೂವರೆಗೆ ಹಣ್ಣು ಬಂತು. ತೂಕ ಆರುನೂರ ನಲವತ್ತು ಕಿಲೋ, ಒಂದು ಹಸಿರು ಕಾಯಿಯೂ ಇಲ್ಲ. ಕುಯ್ದ ಹೆಂಗಸರು ಚೀಲ ಇಳಿಸಿ, ಮನೆಗೆ ಹೋಗದೆ ನೋಡುತ್ತ ನಿಂತರು. ನಾಲ್ಕನೆಯದೂ ಮುಗಿಯಿತು.

ಐದನೆಯದರಲ್ಲಿ ಡ್ರಿಲ್ ಸರಿಯಿತು. ಸ್ಕ್ರೂ ಗಡುಸು, ಡ್ರಮ್ಮಿನ ಎರಕ ಮೃದು. ಮೂತಿ ಗಡುಸನ್ನು ಬಿಟ್ಟು ಮೃದುವಿನ ಕಡೆ ಹೊರಳಿತು. ಉಮಾಮಹೇಶ್ವರ ಕೂಡಲೇ ನಿಲ್ಲಿಸಿದರೂ ತೂತು ಉದ್ದಕ್ಕೆ ಬಿಟ್ಟುಕೊಂಡಿತ್ತು. ಇನ್ನು ಅಲ್ಲಿ ಯಾವ ಸ್ಕ್ರೂವೂ ನಿಲ್ಲುವುದಿಲ್ಲ. ಅದನ್ನು ತುಂಬಿಸಿ ಸರಿ ಮಾಡುವ ಲೇತ್ ಇರುವುದು ಮೂಡಿಗೆರೆಯಲ್ಲಿ, ಅದು ಇನ್ನು ತೆರೆಯುವುದು ಸೋಮವಾರ.

"ಒಂದು ಸ್ಕ್ರೂ ಇಲ್ದಿದ್ರೆ ಏನಾಗ್ತದೆ ಭಟ್ರೇ? ಇವತ್ತೊಂದಿನ ಓಡಿಸೋಣ," ಎಂದ ವಿಶ್ವನಾಥ್. ಅವನ ದನಿ ಇಳಿದಿತ್ತು.

"ತಗಡಿನ ಮೂಲೆ ಎದ್ದು ನಿಲ್ತದೆ. ಸಿಪ್ಪೆ ಜೊತೆ ಬೀಜಾನೂ ಕತ್ತರಿಸ್ತದೆ. ಕತ್ತರಿಸಿದ ಬೀಜಕ್ಕೆ ಅಮ್ಮಾವ್ರ ತೋಟದ ಹೆಸರು ಬರೆದು ಕಳಿಸ್ತೀರಾ ನೀವು?"

ವಿಶ್ವನಾಥ್ ಕೆಂಪು ಡಬ್ಬಿಯನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದ.

"ಅದನ್ಯಾಕೆ ಒದೀತಿ ಈಗ," ಎಂದ ಭೂತಯ್ಯ. "ಜುಲೈನಲ್ಲಿ ಒದೀಬೇಕಿತ್ತು."

ಶಾಂತಕುಮಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಹಣ್ಣು ತೆಗೆದು ನೋಡಿದರು. ಆಗಲೇ ಬೆಚ್ಚಗಾಗಿತ್ತು. ಐದೂಮುಕ್ಕಾಲಿಗೆ ಅವರು, ಎಲ್ಲವನ್ನೂ ಕಣಕ್ಕೆ ಹಾಕಿ ಎಂದರು. ಸುಲಿಯದೆ ಸಿಪ್ಪೆ ಸಮೇತ ಒಣಗಿಸಿದರೆ ಹಣ್ಣು ಹಾಳಾಗುವುದಿಲ್ಲ. ಚೆರ್ರಿ ಎಂಬ ಹೆಸರಿನಲ್ಲಿ ಏಜೆಂಟರ ಲಾರಿ ಹತ್ತುತ್ತದೆ, ಎಲ್ಲರ ಚೆರ್ರಿಯ ಜೊತೆ ಬೆರೆಯುತ್ತದೆ. ಮೇಲಿನ ಪಟ್ಟೆಯಲ್ಲಿ ಹಾಗೆ ಒಂದೇ ಹದಕ್ಕೆ ಕೆಂಪಾದ ಹಣ್ಣು ಆ ವರ್ಷ ಇನ್ನಿರಲಿಲ್ಲ. ಹೆಂಗಸರು ಇಳಿಸಿದ ಚೀಲಗಳನ್ನು ಮತ್ತೆ ಹೊತ್ತರು. ಅವರಲ್ಲೊಬ್ಬಳು ಉಮಾಮಹೇಶ್ವರರ ಪಕ್ಕದಲ್ಲೇ ಹಾದುಹೋಗುತ್ತ, "ಒಂದೊಂದೇ ಹುಡುಕಿ ಕುಯ್ದದ್ದು ಇದಕ್ಕಾ?" ಎಂದಳು. ಅದು ಯಾರನ್ನು ಕೇಳಿದ್ದೋ ಗೊತ್ತಿಲ್ಲ, ತಲೆ ತಗ್ಗಿಸಿದವರು ಭಟ್ಟರು.

ಕೊನೆಯ ಚೀಲ ಹೋದ ಮೇಲೆ ಶಾಂತಕುಮಾರಿ ಡ್ರಮ್ಮಿನ ಹತ್ತಿರ ಬಂದರು.

"ಭಟ್ರೇ, ನನಗೆ ಸಮಾಧಾನ ಹೇಳ್ಬೇಡಿ. ಬೆಳಿಗ್ಗೆ ಯಾರೂ ಮುಟ್ಟದೆ, ಮೊದಲೇ ಆ ಕಪ್ಪು ಡಬ್ಬಿದು ಹಾಕಿದ್ರೆ ಹನ್ನೆರಡನ್ನೂ ಬಿಚ್ಚೋಕೆ ಎಷ್ಟು ಹೊತ್ತಾಗ್ತಿತ್ತು?"

ಮಧ್ಯಾಹ್ನದಿಂದ ದನಿ ಎತ್ತದಿದ್ದ ಉಮಾಮಹೇಶ್ವರ, ಕಣದಲ್ಲಿ ಹಣ್ಣು ಹರಡುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

"ಹದಿನೆಂಟು ನಿಮಿಷ."