ಗ್ರಂಥಪಾಲಕಿ ಸತ್ಯವತಿ ಮತ್ತು ಹಿಂತೆಗೆದುಕೊಂಡ ಲೇಖನ

ಕಾಸರಗೋಡಿನ ಉನ್ನತ ಶಿಕ್ಷಣದ ಮಾತು ಬಂದಾಗ ಅಧ್ಯಾಪಕರ ಹೆಸರುಗಳು ಮೊದಲು ನೆನಪಾಗುವುದು ಸಹಜ. ಆದರೆ ಪಾಠಕ್ಕೆ ಮುನ್ನ ಅಧ್ಯಾಪಕರೂ ಬರವಣಿಗೆಗೆ ಮುನ್ನ ಸಂಶೋಧಕರೂ ಯಾರ ಮೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದರೋ ಆ ಡಾ. ಸತ್ಯವತಿಯವರು ಈ ನೆಲದ ವಿದ್ಯೆಗೆ ಸಲ್ಲಿಸಿದ ಸೇವೆ ಯಾವ ಪ್ರಾಧ್ಯಾಪಕರದ್ದಕ್ಕಿಂತಲೂ ಕಡಿಮೆಯಲ್ಲ. ಬಂದ್ಯೋಡಿನ ಸಮೀಪದ ನಮ್ಮ ಸ್ನಾತಕೋತ್ತರ ಕಾಲೇಜಿನಲ್ಲಿ ಮೂರು ದಶಕ ಗ್ರಂಥಪಾಲಕಿಯಾಗಿದ್ದು, ಈ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ.

ಅವರು ಸೇರಿದಾಗ ಗ್ರಂಥಾಲಯವೆಂದರೆ ಬೀಗ ಹಾಕಿದ ಕಪಾಟುಗಳ ಸಾಲು. ಮೊದಲ ವರ್ಷವೇ ಅವರು ಬೀಗಗಳನ್ನು ತೆಗೆಸಿದರು. ಮುಂದೆ ಕಂಪ್ಯೂಟರ್ ಬಂತು, ವಿದ್ಯುನ್ಮಾನ ಪತ್ರಿಕೆಗಳು ಬಂದವು. ಮೀಂಜ, ಬಾಯಾರು ಹಳ್ಳಿಗಳ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷಿನ ಸಂಶೋಧನಾ ಲೇಖನ ಕಂಡು ಕಂಗಾಲಾದಾಗ ಪಕ್ಕದಲ್ಲೇ ಕುಳಿತು ಮೊದಲ ಲೇಖನವನ್ನು ಒಟ್ಟಿಗೆ ಓದಿಸುತ್ತಿದ್ದರು. ಬಸ್ಸು ತಪ್ಪೀತೆಂದು ಅರ್ಧದಲ್ಲಿ ಏಳುವವರಿಗೆ ಉಳಿದ ಪುಟಗಳನ್ನು ಪ್ರತಿ ಮಾಡಿ ಕೊಡುತ್ತಿದ್ದರು. ನಮ್ಮಲ್ಲಿಲ್ಲದ ಪುಸ್ತಕವನ್ನು ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ತರಿಸುತ್ತಿದ್ದರು.

ಆದರೆ ಅವರು ಧೈರ್ಯಸ್ಥರೇನಲ್ಲ. ಪ್ರಾಂಶುಪಾಲರ ಕರೆ ಬಂದರೂ, ತಪ್ಪೇನಾಯಿತೋ ಎಂದು ರಿಜಿಸ್ಟರುಗಳನ್ನೆಲ್ಲ ತಿರುವಿ ನೋಡಿಯೇ ಹೊರಡುತ್ತಿದ್ದರು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅವರ ದೊಡ್ಡತನ ಅರ್ಥವಾಗದು.

ಕೆಲವು ವರ್ಷಗಳ ಹಿಂದೆ ಮೀಂಜದ ತೃಪ್ತಿ ಎಂಬ ಸಂಶೋಧನಾ ವಿದ್ಯಾರ್ಥಿನಿ, ತೋಟಗಳಿಗೆ ಹೊಡೆಯುವ ಔಷಧಿ ಬಾವಿನೀರಿಗೆ ಇಳಿಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳು. ಪರೀಕ್ಷೆಯ ವಿಧಾನವನ್ನು ಒಂದು ವಿದೇಶಿ ಲೇಖನದಿಂದ ಪಡೆದಿದ್ದಳು. ಅದನ್ನು ಸೂಚಿಸಿದವರು ಆಕೆಯ ಮಾರ್ಗದರ್ಶಕ ಡಾ. ಅವಿನಾಶ. ಎಲ್ಲ ಬಾವಿಗಳೂ ಶುದ್ಧವೆಂಬ ಫಲಿತಾಂಶ ಬಂದಿತ್ತು. ಪಂಚಾಯತಿನವರೂ ಆ ವರದಿ ಕೇಳಿದ್ದರು. ಒಳನಾಡಿನ ಒಂದು ಶಾಲೆ ತನ್ನ ಬಾವಿಯ ನೀರನ್ನು ಮಕ್ಕಳಿಗೆ ಕೊಡಲು ಅದಕ್ಕಾಗಿಯೇ ಕಾದಿತ್ತು.

ಪ್ರಬಂಧದ ಸಲ್ಲಿಕೆಗೆ ಮುನ್ನ ಉಲ್ಲೇಖಗಳನ್ನು ತಾಳೆ ನೋಡುತ್ತಿದ್ದ ಸತ್ಯವತಿಯವರಿಗೆ, ಆ ಲೇಖನವನ್ನು ಪತ್ರಿಕೆಯವರೇ ಹಿಂತೆಗೆದುಕೊಂಡದ್ದು ಕಂಡಿತು. ವಿಧಾನದಲ್ಲೇ ದೋಷ, ನೀರಿನಲ್ಲಿ ವಿಷವಿದ್ದರೂ ಅದು ತೋರಿಸದು. ತಾನೇ ತಪ್ಪು ಓದಿರಬಹುದೆಂಬ ಆಸೆಯಿಂದ ಪುಟವನ್ನು ಮತ್ತೆ ಮತ್ತೆ ತೆರೆದರು. ಹೇಳಿದರೆ ಹುಡುಗಿಯ ವರ್ಷಗಳ ದುಡಿಮೆ ಮಣ್ಣುಪಾಲು. ಹೇಳದಿದ್ದರೆ ಆ ಮಕ್ಕಳು? ಮಧ್ಯಾಹ್ನದ ಬುತ್ತಿ ತೆರೆಯಲೇ ಇಲ್ಲ.

ಅಷ್ಟರಲ್ಲಿ ತೃಪ್ತಿ ನಗುನಗುತ್ತಾ ಬಂದಳು. "ಮೇಡಂ, ನಾಡಿದ್ದು ಸಲ್ಲಿಸ್ಲಿಕ್ಕುಂಟು. ಎಲ್ಲ ಸರಿ ಉಂಟಲ್ಲ?"

"ಕೂತ್ಕೊ ತೃಪ್ತಿ. ಒಂದು ವಿಷಯ ಉಂಟು. ಹೇಳ್ಲಿಕ್ಕೆ ನನಗೇ ಹೆದರಿಕೆ ಆಗ್ತದೆ."

ಹುಡುಗಿ ಪರದೆಯ ಮೇಲಿದ್ದುದನ್ನು ಎರಡೆರಡು ಸಲ ಓದಿದಳು. "ಅಂದ್ರೆ ಎಂತ ಮೇಡಂ? ನಾನು ಮಾಡಿದ್ದೆಲ್ಲ ಸುಳ್ಳಾ?"

"ಸುಳ್ಳು ಅಂತ ಅಲ್ಲ ಮಗಾ. ನಮಗೆ ಗೊತ್ತಿಲ್ಲ, ಅಷ್ಟೆ. ಗೊತ್ತಾಗುವವರೆಗೆ ಆ ನೀರು ಮಕ್ಕಳಿಗೆ ಬೇಡ."

ಇಬ್ಬರೂ ಹೋಗಿ ತಿಳಿಸಿದಾಗ ಅವಿನಾಶರು ಮೊದಲು ಸಿಟ್ಟಾದರು. "ಈಗ ಹೇಳಿದ್ರೆ ಈ ಹುಡುಗಿಯ ಗತಿ ಎಂತ? ನನ್ನ ಮರ್ಯಾದೆ ಎಂತ? ಸಲ್ಲಿಸಿ ಆಗ್ಲಿ, ಮತ್ತೆ ನೋಡುವ."

ಸತ್ಯವತಿಯವರು ಮೆಲ್ಲನೆ ಹೇಳಿದರು. "ವರದಿ ಪಂಚಾಯತಿಗೆ ಹೋಗ್ತದಲ್ಲ ಸರ್? ಅವರು ಮತ್ತೆ ನೋಡ್ಲಿಕ್ಕಿಲ್ಲ. ನೀರು ಕುಡಿಸ್ತಾರೆ."

ಅವಿನಾಶರು ಪತ್ರಿಕೆಯ ಸೂಚನೆಯನ್ನು ತಾವೇ ಒಮ್ಮೆ ಓದಿದರು. ಕೊನೆಗೆ, "ನನಗೂ ಹೆದರಿಕೆಯೇ ಮೇಡಂ" ಎಂದವರು ಪಂಚಾಯತಿಗೆ ತಾವೇ ಫೋನ್ ಮಾಡಿ, ಶಾಲೆಯ ಬಾವಿ ಸದ್ಯಕ್ಕೆ ಬೇಡವೆಂದರು.

ಅವರೂ ತೃಪ್ತಿಯೂ ಎಲ್ಲ ಬಾವಿಗಳಿಂದ ಹೊಸದಾಗಿ ನೀರು ತೆಗೆದು ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿದರು. ಸರಿಯಾದ ವಿಧಾನದ ಲೇಖನಗಳು ನಮ್ಮ ಕಾಲೇಜಿಗೆ ಸಿಗುವಂತಿರಲಿಲ್ಲ. ಸತ್ಯವತಿಯವರು ಬರೆದವರನ್ನೇ ಸಂಪರ್ಕಿಸಿ ಒಂದೊಂದಾಗಿ ತರಿಸಿಕೊಟ್ಟರು. ಗ್ರಂಥಪಾಲಕಿಗೆ ಇದೆಲ್ಲ ಯಾಕೆ ಬೇಕಿತ್ತೆಂದು ಸ್ಟಾಫ್ ರೂಮಿನಲ್ಲಿ ಪಿಸುಮಾತೆದ್ದಿತ್ತು. ನೀರು ಶುದ್ಧವೆಂದು ಬಂದರೆ ಒಂದು ಹುಡುಗಿಯ ಬದುಕನ್ನು ಸುಮ್ಮನೆ ಕೆಡಿಸಿದಂತೆ. ಅಲ್ಲವೆಂದು ಬಂದರೆ ಅದನ್ನು ನೆನೆಯುವುದೇ ಭಯಂಕರ. ಯಾವುದಕ್ಕಾಗಿ ದೇವರಿಗೆ ಕೈಮುಗಿಯಬೇಕೆಂದು ಆ ವಾರಗಳಲ್ಲಿ ಸತ್ಯವತಿಯವರಿಗೆ ತಿಳಿಯುತ್ತಿರಲಿಲ್ಲ. ಫೋನ್ ರಿಂಗಾದರೆ ಬೆಚ್ಚಿಬೀಳುತ್ತಿದ್ದರು.

ಕೊನೆಗೆ ಆ ಕರೆಯೂ ಬಂತು. "ಮೇಡಂ, ಹೆಚ್ಚಿನದ್ದೆಲ್ಲ ಸರಿ ಉಂಟು. ಶಾಲೆಯ ಬಾವಿಯಲ್ಲಿ ವಿಷ ಉಂಟು" ಎಂದಳು ತೃಪ್ತಿ. ತಾನು ಆ ದಿನ ಸುಮ್ಮನಿದ್ದಿದ್ದರೆ ಎಂಬುದೊಂದೇ ಸತ್ಯವತಿಯವರ ತಲೆಯಲ್ಲಿತ್ತು.

ಶಾಲೆ ಆ ಬಾವಿಯನ್ನು ಮುಚ್ಚಿಸಿ ಬೇರೆ ಕಡೆಯಿಂದ ನೀರು ತರಿಸಿಕೊಂಡಿತು. ತೃಪ್ತಿಯ ಪ್ರಬಂಧ ತಡವಾಯಿತು, ಹೊಸದಾಗಿ ಬರೆಯಬೇಕಾಯಿತು. ಆದರೆ ಪರೀಕ್ಷಕರ ಪ್ರತಿ ಪ್ರಶ್ನೆಗೂ ಆಕೆ ತಲೆಯೆತ್ತಿ ಉತ್ತರಿಸಿದಳು. ಇಂದು ಆಕೆ ಅಧ್ಯಾಪಕಿ. ಗ್ರಂಥಾಲಯದಲ್ಲಿ ಪರಿಶೀಲನೆಯಾಗದೆ ಯಾವ ಪ್ರಬಂಧವೂ ತಮ್ಮ ವಿಭಾಗದಿಂದ ಹೊರಡಬಾರದೆಂಬ ನಿಯಮ ಮಾಡಿದವರು ಅವಿನಾಶರೇ.

ನಿವೃತ್ತಿಯ ಅನಂತರವೂ ವಾರಕ್ಕೊಮ್ಮೆ ಬಂದು ಹೊಸ ಸಂಶೋಧಕರಿಗೆ ಆಕರಗಳನ್ನು ಪರೀಕ್ಷಿಸಲು ಕಲಿಸುವುದಾಗಿ ಸತ್ಯವತಿಯವರು ಒಪ್ಪಿದ್ದಾರೆ. ಇಷ್ಟು ವರ್ಷದ ಅನುಭವದ ಮೇಲೆ ಇನ್ನು ಹೆದರಿಕೆ ಇರಲಾರದಲ್ಲ ಎಂದು ಮೊನ್ನೆ ಯಾರೋ ಕೇಳಿದರು. "ಎಂತ ಹೇಳ್ತೀರಿ ಮಾರಾಯ್ರೆ! ಯಾರ ಪ್ರಬಂಧ ತೆರೆದ್ರೂ ಈಗಲೂ ಎದೆ ಡವಡವ ಹೊಡ್ಕೊಳ್ತದೆ" ಎಂದರು ಅವರು.

ಆ ಎದೆಬಡಿತ ನಮ್ಮ ಮಕ್ಕಳ ಓದಿನ ಬಳಿ ಇನ್ನೂ ಬಹುಕಾಲ, ಆರೋಗ್ಯದಿಂದ, ಹೀಗೆಯೇ ಕೇಳಿಸುತ್ತಿರಲಿ.