ರಟ್ಟಿನ ಪೆಟ್ಟಿಗೆಗೆ ಹೆದರುವ ನಾಯಿ

ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಲೈನಿಂಗ್ ಬಟ್ಟೆ, ದಾರ, ಹುಕ್ಕು ಎಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಯಾರೋ ಬೇಡವೆಂದು ಬಿಟ್ಟ ಹೆಣ್ಣು ಲ್ಯಾಬ್ರಡಾರ್ ನಾಯಿಯೊಂದನ್ನು ನಾವು ಸಾಕಲು ತಂದ ವಾರದಲ್ಲೇ ಅಂಥದ್ದೊಂದು ಪೆಟ್ಟಿಗೆ ಬಂತು. ಅದನ್ನು ನೆಲಕ್ಕೆ ಇಟ್ಟಿದ್ದೇ ತಡ, ನಾಯಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಸುತ್ತಿಟ್ಟಿದ್ದ ಬ್ಲೌಸ್ ಪೀಸೊಂದನ್ನು ಹಲ್ಲು ತಾಗದ ಹಾಗೆ ಬಾಯಲ್ಲಿ ಹಿಡಿದು ಮಂಚದ ಕೆಳಗೆ ನುಗ್ಗಿತು. ಮತ್ತೊಂದಕ್ಕೆ ಬಂತು. ಮೇಜಿನ ಮೇಲಿದ್ದದ್ದೆಲ್ಲ ಖಾಲಿಯಾದ ಮೇಲೆ ಆ ಬಟ್ಟೆಗಳ ಸುತ್ತ ಮೈ ಮುದುಡಿ ಮಲಗಿ, ಕೈ ಚಾಚಿದ ನನ್ನನ್ನು ನೋಡಿ ಗುರುಗುಟ್ಟಿತು. ಗುರುಗುಟ್ಟುವಾಗಲೂ ನಡುಗುತ್ತಿತ್ತು.

ವಾಪಸ್ ಕೊಟ್ಟುಬಿಡೋಣ ಎಂದರು ನನ್ನ ಗಂಡ. ಪಕ್ಕದ ಮನೆಯವರು ಎರಡೇಟು ಬಿದ್ದರೆ ಸರಿಹೋಗುತ್ತದೆ ಎಂದರು. ನಾಯಿಗಳಿಗೆ ತರಬೇತಿ ಕೊಡುವವನೊಬ್ಬ ಬಂದು, ಭಯ ಬಿಡಿಸುತ್ತೇನೆಂದು ಕೊರಳ ಪಟ್ಟಿ ಹಿಡಿದು ಅದನ್ನು ಪೆಟ್ಟಿಗೆಯ ಹತ್ತಿರಕ್ಕೆ ದರದರ ಎಳೆದ. ಅದರ ಉಗುರುಗಳು ಟೈಲ್ಸಿನ ಮೇಲೆ ಕೆರೆಯುವ ಸದ್ದಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಬಿಡಪ್ಪಾ ಅದನ್ನ ಎಂದೆ. ನೀವು ಜಾಸ್ತಿ ಮುದ್ದು ಮಾಡುತ್ತೀರ ಮೇಡಂ ಎಂದು ನಕ್ಕ. ಬಾಗಿಲು ತೋರಿಸಿದೆ.

ಪಶುವೈದ್ಯೆಯ ಬಳಿಗೆ ಕರೆದುಕೊಂಡು ಹೋದೆ. ಅವರು ಜೋತುಬಿದ್ದ ಮೊಲೆಗಳನ್ನೂ, ಸಿಮೆಂಟಿನ ಮೇಲೆ ಮಲಗಿ ಜಡ್ಡುಗಟ್ಟಿದ ಮೊಣಕೈಗಳನ್ನೂ, ಕಬ್ಬಿಣ ಕಚ್ಚಿ ಕಚ್ಚಿ ಸವೆದ ಹಲ್ಲುಗಳನ್ನೂ ತೋರಿಸಿದರು. ಸುಧಾರಿಸಿಕೊಳ್ಳಲೂ ಬಿಡದೆ ಮೇಲಿಂದ ಮೇಲೆ ಮರಿ ಹಾಕಿಸಿದ್ದಾರೆ ಎಂದರು.

ನಮಗೆ ನಾಯಿ ಕೊಟ್ಟಾಕೆ ಬಿಟಿಎಂ ಲೇಔಟಿನವಳು. ಬೇಡವಾದ ನಾಯಿಗಳಿಗೆ ಮನೆ ಹುಡುಕಿಕೊಡುತ್ತಾಳೆ. ಫೋನ್ ಮಾಡಿ ನಿಜ ಹೇಳು ಎಂದೆ. "ಎಲ್ಲಾ ಹೇಳಿದ್ರೆ ಯಾರೂ ತಗೊಳಲ್ಲ ಅಕ್ಕ" ಅಂದಳು. ಕತ್ರಿಗುಪ್ಪೆಯ ಒಂದು ಮನೆಯ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಅಡಿಯ ಬೋನಿನಲ್ಲಿ ಅದನ್ನು ಇಟ್ಟಿದ್ದರಂತೆ. ಮರಿಗಳು ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ರಟ್ಟಿನ ಪೆಟ್ಟಿಗೆಗೆ ತುಂಬಿ ಮಾರಲು ಒಯ್ಯುತ್ತಿದ್ದರಂತೆ. ಇನ್ನು ಇದು ಮರಿ ಹಾಕುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯ ಯಜಮಾನನೇ ಈ ಬಿಟಿಎಂನವಳನ್ನು ಕರೆಸಿ ನಾಯಿಯನ್ನು ತೆಗೆದುಕೊಂಡು ಹೋಗು ಎಂದಿದ್ದನಂತೆ.

ನಮ್ಮ ನಾಯಿ ಮಂಚದ ಕೆಳಗೆ ಬಟ್ಟೆ ಬಚ್ಚಿಡುತ್ತಿರಲಿಲ್ಲ. ಮರಿಗಳನ್ನು ಬಚ್ಚಿಡುತ್ತಿತ್ತು.

ಆ ಟೆರೇಸಿನಲ್ಲಿ ಈಗ ಇನ್ನೊಂದು ಪ್ರಾಯದ ಹೆಣ್ಣು ನಾಯಿ ಇದೆ ಎಂದೂ ಅವಳು ಹೇಳಿದಳು. ಮಾರನೇ ದಿನ ಬೆಳಿಗ್ಗೆಯೇ ಅವಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಯಜಮಾನ ಮೂರು ಮಹಡಿ ಬಾಡಿಗೆಗೆ ಕೊಟ್ಟುಕೊಂಡಿದ್ದ ಮನುಷ್ಯ. ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸವೂ ಅಲ್ಲ ಇದು. ನಗುನಗುತ್ತಾ ಕೂರಿಸಿ ಕಾಫಿ ತರಿಸುತ್ತೇನೆ ಎಂದ. ನಾಯಿಯನ್ನು ಮನೆಮಗಳ ಹಾಗೆ ನೋಡಿಕೊಂಡಿದ್ದೇವೆ ಎಂದ.

"ನಿಮ್ಮ ಮಗಳನ್ನೂ ಟ್ಯಾಂಕ್ ಕೆಳಗೆ ಕೂಡಿಹಾಕಿದ್ರಾ?" ಎಂದೆ.

ಅವನ ನಗು ಹೋಯಿತು. ಆದರೂ ಚಿಕ್ಕ ಮಗುವಿಗೆ ಹೇಳುವವನ ಹಾಗೆ ಹೇಳಿದ: "ನಾಯಿಗೇನ್ ಗೊತ್ತಾಗುತ್ತೆ ಮೇಡಂ? ಎರಡು ದಿನ ಕೂಗಾಡುತ್ತೆ, ಆಮೇಲೆ ಮರ್ತೋಗುತ್ತೆ."

ನಾನು ಎದ್ದು ಮೆಟ್ಟಿಲು ಹತ್ತಿದೆ. ಅವನು ಹಿಂದಿನಿಂದ ಕೂಗುತ್ತಲೇ ಬಂದ, ನಾನು ನಿಲ್ಲಲಿಲ್ಲ. ಟ್ಯಾಂಕಿನ ಅಡಿಯಲ್ಲಿ ಬೋನಿತ್ತು. ಅದರೊಳಗೆ ತುಂಬು ಗರ್ಭಿಣಿ ನಾಯಿ, ತಿರುಗಲು ಜಾಗವಿಲ್ಲದೆ, ನಮಗೆ ಬೆನ್ನು ಕೊಟ್ಟು ಮಲಗಿತ್ತು. ಗೋಡೆಗೆ ಒರಗಿಸಿ ಮಡಚಿಟ್ಟಿದ್ದ ಪೆಟ್ಟಿಗೆಗಳು. ಬಿಟಿಎಂನವಳು ಫೋಟೋ ತೆಗೆಯಹೋದರೆ ಅವನು ಅವಳ ಕೈ ತಳ್ಳಿದ. ನಾವು ಅಲ್ಲಿಂದ ನೇರ ಠಾಣೆಗೆ ಹೋಗಿ ದೂರು ಕೊಟ್ಟೆವು. ಓಡಾಡಿ, ಗೋಗರೆದು, ಜಗಳವಾಡಿ, ಕೊನೆಗೂ ಪೊಲೀಸರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಟೆರೇಸು ತೊಳೆದಾಗಿತ್ತು. ಬೋನಿಲ್ಲ, ನಾಯಿಯಿಲ್ಲ, ಮೂಗು ಮುಚ್ಚಿಕೊಳ್ಳುವಷ್ಟು ಫಿನಾಯಿಲ್ ವಾಸನೆ. ಆ ನಾಯಿಯನ್ನು ಎಲ್ಲಿಗೆ ಸಾಗಿಸಿದರು, ಎಲ್ಲಿ ಮರಿ ಹಾಕಿತು, ಇವತ್ತಿಗೂ ಗೊತ್ತಾಗಿಲ್ಲ. ನೆನೆದರೆ ಊಟ ಸೇರುವುದಿಲ್ಲ.

ಈಗ ಬಟ್ಟೆ ಬಂದರೆ ನನ್ನ ಗಂಡ ಗೇಟಿನ ಹೊರಗೇ ಪೆಟ್ಟಿಗೆ ಬಿಚ್ಚಿ, ಅದನ್ನು ಹರಿದು ಬಿಸಾಡಿ ಒಳಗೆ ಬರುತ್ತಾರೆ. ವಾಪಸ್ ಕೊಡುವ ಮಾತು ಮತ್ತೆ ಆಡಿಲ್ಲ. ನಾಯಿ ನನ್ನ ಮಿಷನ್ನಿನ ಪಕ್ಕ ಮಲಗುತ್ತದೆ, ನನ್ನ ಕೈಯಿಂದಲೇ ಅನ್ನ ತಿನ್ನುತ್ತದೆ. ನೆಂಟರು ನೋಡಿ, ಪಾಪ ಎಲ್ಲ ಮರೆತಿದೆ, ನಾಯಿಗಳ ಮನಸ್ಸು ದೊಡ್ಡದು ಎನ್ನುತ್ತಾರೆ. ಹೊರಗಿನವರು ಬಾಗಿಲಲ್ಲಿ ನಿಂತರೆ ಇವತ್ತಿಗೂ ಅದು ಮೊದಲು ನೋಡುವುದು ಅವರ ಕೈಗಳನ್ನು. ಅದು ಏನನ್ನೂ ಮರೆತಿಲ್ಲ.

ಹೋದ ತಿಂಗಳು ತರಕಾರಿ ಅಂಗಡಿಯಲ್ಲಿ ಕತ್ರಿಗುಪ್ಪೆಯ ಆ ಯಜಮಾನ ಸಿಕ್ಕಿದ. ಏನೂ ಆಗಿಲ್ಲವೆಂಬಂತೆ, "ಹೇಗಿದೆ ಮೇಡಂ ನಮ್ಮ ನಾಯಿ?" ಅಂದ.

ಅವನು ಮಾಡಿದ್ದನ್ನೆಲ್ಲ ಅಲ್ಲೇ, ಅಷ್ಟು ಜನರ ಮುಂದೆ, ಅಂಗಡಿಯವನು ತಕ್ಕಡಿ ಹಿಡಿದು ನಿಂತುಬಿಡುವ ಹಾಗೆ ಹೇಳಿದೆ. ಬೋನು, ಗರ್ಭಿಣಿ ನಾಯಿ, ಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಅವನು ತೂಗಿಸಿದ್ದ ಬೀನ್ಸನ್ನೂ ಬಿಟ್ಟು ಹೊರಟುಹೋದ. ನಾಲ್ಕು ಜನ ನನ್ನನ್ನೇ ವಿಚಿತ್ರವಾಗಿ ನೋಡಿದರು. ನೋಡಿಕೊಳ್ಳಲಿ. ಏನು ಕೊಳ್ಳಲು ಬಂದಿದ್ದೆನೋ ನೆನಪಾಗಲಿಲ್ಲ, ಬರಿಗೈಯಲ್ಲೇ ಮನೆಗೆ ನಡೆದೆ.