ಇಪ್ಪತ್ತನೇ ಸುತ್ತಿನ ಹುಡುಗ

ಸೌದಿಯ ದಮ್ಮಾಮ್‌ನಿಂದ ಅಬ್ಕೈಕ್‌ಗೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ, ಜುಲೈ ಬಂತೆಂದರೆ ವೆಲ್ಡರ್ ಸೇಸಪ್ಪಣ್ಣನ ಪಕ್ಕ ಯಾರೂ ಕೂರುವುದಿಲ್ಲ. ಹಿಂದೊಬ್ಬ ಅಮೆರಿಕನ್ ಸೂಪರ್‌ವೈಸರ್ ಅವರಿಗೆ ಬೇಸ್‌ಬಾಲ್ ಹುಚ್ಚು ಅಂಟಿಸಿ ಹೋಗಿದ್ದಾನೆ. ಅಮೆರಿಕದ ತಂಡಗಳು ಕಾಲೇಜು ಹುಡುಗರನ್ನು ಸುತ್ತಿಗೊಬ್ಬರಂತೆ ಆರಿಸಿಕೊಳ್ಳುವುದು ಆ ತಿಂಗಳಲ್ಲೇ. ಒಂದು ಪಂದ್ಯವನ್ನೂ ಮೈದಾನದಲ್ಲಿ ಕೂತು ನೋಡದ ಸೇಸಪ್ಪಣ್ಣ, ಮೊಬೈಲಿನಲ್ಲಿ ತಮ್ಮ ಮೆಚ್ಚಿನ ತಂಡ ಆರಿಸಿದವರ ಪಟ್ಟಿ ಹಿಡಿದು, ಮೀನಿನ ಕಿವಿರು ಬಿಡಿಸಿ ನೋಡುವವರ ಹಾಗೆ ಒಬ್ಬೊಬ್ಬನನ್ನೂ ಪರೀಕ್ಷಿಸುತ್ತಾರೆ. "ಎಂತ ಮಾರಾಯ, ಇವನ ಭುಜ ಎರಡು ವರ್ಷ ಬರ್ಲಿಕ್ಕಿಲ್ಲ! ನಮಗೆ ಬೇಕಾದ್ದು ಚೆಂಡು ಹಿಡಿಯುವ ಕ್ಯಾಚರ್, ಇವರು ತಂದದ್ದು ಪುನಃ ಚೆಂಡೆಸೆಯುವ ಪಿಚರ್!" ಮೊದಲ ಸುತ್ತಿನವನಿಗಂತೂ ಪ್ಲಾಂಟಿನ ಗೇಟು ಬರುವವರೆಗೂ ಬೈಗುಳ. ಕೊನೆಯ, ಇಪ್ಪತ್ತನೇ ಸುತ್ತಿನ ಹುಡುಗನ ಹೆಸರಿಗೆ ಬಂದಾಗ ಮಾತ್ರ ಸ್ವರ ತಗ್ಗುತ್ತದೆ. "ಇವ ಆಗ್ತಾನೆ," ಎನ್ನುತ್ತಾರೆ, ಪ್ರತಿ ವರ್ಷವೂ. ಅದು ಹೇಗೆ ಗೊತ್ತು ಎಂದು ಈ ಸಲ ಕೇಳಿಯೇಬಿಟ್ಟೆ. "ಇಲ್ಲಿಗೆ ಜನ ಆರಿಸುವ ಮಂಗಳೂರಿನ ಟ್ರೇಡ್ ಟೆಸ್ಟಿನಲ್ಲಿ ಕಂಪನಿಯವರಿಗೆ ಬೇಕಾದ್ದು ಇಪ್ಪತ್ತು ವೆಲ್ಡರ್. ನಾನು ಇಪ್ಪತ್ತೊಂದನೆಯವ. ಮೇಲಿನವ ಒಬ್ಬ ಮೆಡಿಕಲ್‌ನಲ್ಲಿ ಫೇಲಾದ, ನನ್ನನ್ನು ಕರೆದರು," ಎಂದರು ಸೇಸಪ್ಪಣ್ಣ. "ಇಪ್ಪತ್ತಾರು ವರ್ಷ ಆಯ್ತು. ಜ್ವರ ಬಂದರೂ ಒಂದು ದಿನ ಸಿಕ್ ಲೀವ್ ಹಾಕ್ಲಿಲ್ಲ ನಾನು. ಆ ಮೆಡಿಕಲ್ ಫೇಲಾದವನಿಗೆ ಈಗ ಗುಣ ಆಗಿದ್ರೆ?"